ಖಾಲಿ ಲಾರಿಗೆ ಎಫ್‌ಸಿ, ತುಂಬಿದ ಲಾರಿಗೆ ಯಾರು?

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವ ಡ್ರೈವರ್ ಅಣ್ಣಂದಿರು ಮುಂದೆ ಬಂದು ಕೂರಿ, ಕುರ್ಚಿ ಖಾಲಿ ಇವೆ.

ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್, ಯಾವಾಗ ಮಾಡಿಸಬೇಕು ಅನ್ನೋದು ನಿಮಗೆ ಗೊತ್ತೇ ಇದೆ. ಲಾರಿಗೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಅವತ್ತು ಲಾರಿ ತಪಾಸಣೆಗೆ ಮದುಮಗನ ಹಾಗೆ ಹೋಗುತ್ತದೆ. ಹೊಸ ಪೇಂಟ್, ಹೊಸ ರಿಫ್ಲೆಕ್ಟರ್ ಪಟ್ಟಿ. ಕೆಲವರು ಟೈರನ್ನೂ ಸಾಲ ತಂದು ಹಾಕಿಸುತ್ತಾರೆ, ನಗಬೇಡಿ, ನಾನೂ ಒಮ್ಮೆ ತಂದಿದ್ದೆ. ಆದರೆ ಅಲ್ಲಿಗೆ ಹೋಗುವುದು ಸಾಮಾನ್ಯವಾಗಿ ಖಾಲಿ ಲಾರಿ. ಮರುದಿನ ಕಲ್ಲು ಒಡೆಯುವ ಕ್ರಷರ್‌ನಿಂದ ಹೊರಡುವುದು ತುಂಬಿದ ಲಾರಿ. ಎರಡೂ ಒಂದೇ ಗಾಡಿ ಅಲ್ಲ ಅಂತಲೇ ನಾನು ಹೇಳುತ್ತೇನೆ.

ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಜೆಲ್ಲಿ ಮಾರುವುದು ಯೂನಿಟ್ ಲೆಕ್ಕದಲ್ಲಿ, ಅಂದರೆ 100 ಘನ ಅಡಿಗೆ ಇಷ್ಟು ಅಂತ. ಕಾನೂನು ಕೇಳುವುದು ತೂಕ. ತಕರಾರು ಹುಟ್ಟುವುದೇ ಇಲ್ಲಿ. ಹತ್ತು ಚಕ್ರದ, ಮೂರು ಆಕ್ಸಲ್ ಟಿಪ್ಪರ್ ತೆಗೆದುಕೊಳ್ಳಿ. 2018ರಲ್ಲಿ ಕೇಂದ್ರ ಸರ್ಕಾರ ಮಿತಿ ಏರಿಸಿದ ಮೇಲೆ ಅದರ ಒಟ್ಟು ತೂಕ 28.5 ಟನ್ ದಾಟಬಾರದು. ಮೊದಲು 25 ಇತ್ತು. ಗಾಡಿಯದ್ದೇ ಸುಮಾರು 12 ಟನ್ ಹೋಯಿತು. ಉಳಿದದ್ದು ಹದಿನಾರೂವರೆ. ಈಗ ಐದು ಯೂನಿಟ್ ಹಿಡಿಯುವ ಲಾರಿ ಬಾಡಿಯಲ್ಲಿ ಮರಳನ್ನು ಅಂಚಿಗೆ ಸಮ ತುಂಬಿ ನೋಡಿ. ಒಂದು ಯೂನಿಟ್ ಮರಳು ಸುಮಾರು ನಾಲ್ಕೂವರೆ ಟನ್ ತೂಗುತ್ತದೆ. ಇಪ್ಪತ್ತೆರಡೂವರೆ ಆಯಿತು. ಬಾಡಿ ಅಂಚಿನ ಮೇಲೆ ಒಂದು ಹಿಡಿ ಮರಳೂ ಕಾಣುವುದಿಲ್ಲ, ಆದರೆ ಆರು ಟನ್ ಜಾಸ್ತಿ! ಮಳೆಯಲ್ಲಿ ನೆನೆದ ಮರಳಾದರೆ ಇನ್ನೂ ಜಾಸ್ತಿ. ಸಂಡೂರಿನ ಕಬ್ಬಿಣದ ಅದಿರಾದರೆ ಅರ್ಧ ಬಾಡಿ ತುಂಬುವಷ್ಟರಲ್ಲೇ ಲೆಕ್ಕ ಮುಗಿಯಿತು.

ಸಿಕ್ಕಿಬಿದ್ದರೆ 20 ಸಾವಿರ ದಂಡ, ಜಾಸ್ತಿ ಇರುವ ಪ್ರತಿ ಟನ್ನಿಗೆ ಮತ್ತೆ 2 ಸಾವಿರ. ಆರು ಟನ್ನಿಗೆ 32 ಸಾವಿರ. ಇಳಿಸುವ ಖರ್ಚು ಬೇರೆ. ತೂಕಕ್ಕೆ ನಿಲ್ಲಿಸದೆ ಹೋದರೆ 40 ಸಾವಿರ. ಮಾಲೀಕರು ‘ಡ್ರೈವರ್ ತುಂಬಿಸಿಕೊಂಡ, ನನಗೇನು ಗೊತ್ತು’ ಅನ್ನುವಂತಿಲ್ಲ. ಮಾಲೀಕರಿಗೆ ಗೊತ್ತಿದ್ದೇ ಓವರ್‌ಲೋಡ್ ಆಗಿದೆ ಅಂತ ಕೋರ್ಟ್ ಭಾವಿಸಬಹುದು, ಕಾಯ್ದೆಯಲ್ಲೇ ಹಾಗಿದೆ.

ದಂಡದ ಮಾತು ಸಾಕು. ನನ್ನ ಗುರು ಒಬ್ಬರಿದ್ದರು, ಹಳೇ ಕಾಲದ ಡ್ರೈವರ್. ಲೋಡ್ ಆದ ಮೇಲೆ ಜಾಕಿ ರಾಡ್ ಹಿಡಿದು ಗಾಡಿ ಸುತ್ತ ಒಂದು ಸುತ್ತು ಬರುತ್ತಿದ್ದರು. ಟೈರಿಗೆ ಬಡಿದರೆ ‘ಠಣ್’ ಅನ್ನಬೇಕು. ‘ಥಪ್’ ಅಂದರೆ ಗಾಳಿ ಇಲ್ಲ. ಜೋಡಿ ಟೈರಿನಲ್ಲಿ ಒಳಗಿನದು ಕೂತಿದ್ದರೆ ಕಣ್ಣಿಗೆ ಕಾಣಲ್ಲ, ಹೊರಗಿನದು ಒಂದೇ ಇಡೀ ಭಾರ ಹೊರುತ್ತದೆ. ಟೈರಿನ ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು ಅಂತ ನಿಯಮ. ಅವರು ಅದನ್ನು ಉಗುರಲ್ಲೇ ನೋಡುತ್ತಿದ್ದರು.

ಆಮೇಲೆ ಆ ಜೋಡಿ ಟೈರಿನ ಸಂದಿಗೆ ರಾಡ್ ಹಾಕಿ ಕೆದಕುತ್ತಿದ್ದರು. ಕ್ರಷರ್ ಅಂಗಳದಲ್ಲಿ ಅಲ್ಲಿಗೆ ಕಲ್ಲು ಸಿಕ್ಕಿಕೊಳ್ಳುತ್ತದೆ. ಹೈವೇ ಸ್ಪೀಡಿಗೆ ಅದು ಕಿತ್ತು ಹಾರಿದರೆ ಹಿಂದೆ ಬರುವ ಬೈಕಿನವನ ಗತಿ? ಇದಕ್ಕೆ ಯಾವ ಎಫ್‌ಸಿಯೂ ಇಲ್ಲ, ಪ್ರತಿ ಟ್ರಿಪ್ಪಿಗೂ ಹೊಸ ಕಲ್ಲು.

ಕೊನೆಗೆ ಹಿಂದಿನ ಡಾಲಾ, ಅಂದರೆ ಬಾಡಿಯ ಹಿಂಬಾಗಿಲು. ಹಿಂದಿನ ಟ್ರಿಪ್ ಸುರಿದಾಗ ಒಂದು ಜೆಲ್ಲಿ ಕಲ್ಲು ಅಂಚಲ್ಲಿ ಉಳಿದಿದ್ದರೆ ಡಾಲಾ ಬೆರಳು ಹೋಗುವಷ್ಟು ತೆರೆದೇ ಇರುತ್ತದೆ. ಲಾಕ್ ಬಿದ್ದ ಸದ್ದು ಮಾತ್ರ ಕೇಳುತ್ತದೆ. ಪ್ರತಿ ರಸ್ತೆ ಉಬ್ಬಿಗೂ ನಾಲ್ಕು ಕಲ್ಲು ರಸ್ತೆಗೆ. ಮೇಲೆ ಟಾರ್ಪಾಲ್ ಎಷ್ಟು ಬಿಗಿದು ಕಟ್ಟಿದರೇನು, ಸೋರುವುದು ಕೆಳಗಿಂದ ಅಲ್ವಾ? ಅದಕ್ಕೇ ಮುಚ್ಚುವ ಮೊದಲು ಅಂಚು ಗುಡಿಸಿ. ಒಂದು ಹಳೇ ಪೊರಕೆ ಕ್ಯಾಬಿನ್ನಲ್ಲಿ ಇಟ್ಟುಕೊಳ್ಳಿ, ಅಷ್ಟೇ.

ಇಷ್ಟೂ ಮಾಡಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಡ್ರೈವರಿಗೆ ಸಿಗಬೇಕಾದರೆ ಟ್ರಿಪ್ ಲೆಕ್ಕದಲ್ಲಿ ಕೊಡುವ ಬಾಟಾ (ಭತ್ಯೆ) ಬಗ್ಗೆ ಮಾಲೀಕರು ಯೋಚಿಸಬೇಕು. ದಿನಕ್ಕೆ ಆರು ಟ್ರಿಪ್ ಹೊಡೆದರೇ ದುಡ್ಡು ಅಂದರೆ ಯಾವ ಡ್ರೈವರ್ ಗಾಡಿ ಸುತ್ತುತ್ತಾನೆ?

ಹೊರಗೆ ಒಂದು ಟಿಪ್ಪರ್ ಲೋಡ್ ಮಾಡಿ ನಿಲ್ಲಿಸಿದ್ದೇವೆ. ಒಂದು ಟೈರಿನ ಗಾಳಿ ಬೇಕಂತಲೇ ಇಳಿಸಿದ್ದೇನೆ. ಯಾವುದು ಅಂತ ಹೇಳುವುದಿಲ್ಲ. ರಾಡ್ ಅಲ್ಲೇ ಇದೆ, ಬನ್ನಿ. ಟೀ ಆಮೇಲೆ.