ಕಣ್ಣಿಗೆ ಹಾಕೋ ಗ್ಲೂ ಎಲ್ಲಿಂದ ಬಂತು, ಹೇಳಿದ್ರಾ?

ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆ ಮೇಲೆ ಮಾಂಸದ ಪೊರೆ ಹಬ್ಬುತ್ತಲ್ಲ, ಡಾಕ್ಟರು ಟೆರಿಜಿಯಂ ಅಂತಾರೆ. ಬಿಸಿಲು ಧೂಳಲ್ಲಿ ದುಡಿಯೋರಿಗೇ ಇದು ಜಾಸ್ತಿ. ಆಪರೇಶನ್‌ಗೆ ಹೋದ್ರೆ ಈಗ ಕಿವಿಗೆ ಬೀಳೋ ಮಾತು: "ಹೊಲಿಗೆ ಇಲ್ಲ, ಗ್ಲೂ ಹಾಕ್ತೀವಿ." ಗ್ಲೂ ಒಳ್ಳೇದೇ. ನನ್ನ ತಕರಾರು ಆ ಮಾತು ಅಲ್ಲಿಗೇ ನಿಂತುಬಿಡೋದರ ಬಗ್ಗೆ.

ಪೊರೆ ಕೆತ್ತಿ ಜಾಗ ಹಾಗೇ ಬಿಟ್ಟರೆ ಮತ್ತೆ ಬೆಳೆಯೋ ಸಂಭವ ಹೆಚ್ಚು. ಅದಕ್ಕೇ ಅದೇ ಕಣ್ಣಿನ ಮೇಲ್ರೆಪ್ಪೆ ಅಡಿಯಿಂದ ತೆಳು ಪದರ ತೆಗೆದು ಅಲ್ಲಿ ಕೂರಿಸ್ತಾರೆ. ಮೊದಲೆಲ್ಲ ಅದಕ್ಕೆ ಹೊಲಿಗೆ ಹಾಕ್ತಿದ್ರು. ಆಮೇಲೆ ಮರಳು ಬಿದ್ದ ಹಾಗೆ ಚುಚ್ಚೋದು, ನೀರು ಸುರಿಯೋದು. ಈಗ ಹೊಲಿಗೆ ಬದಲು ಗ್ಲೂ, ಅಂದ್ರೆ ಅಂಟು. ಅದರಲ್ಲಿ ಎರಡು ದ್ರವ: ಫೈಬ್ರಿನೋಜನ್, ಥ್ರಾಂಬಿನ್. ಎರಡೂ ರಕ್ತದಲ್ಲಿರೋ ಪ್ರೋಟೀನ್‌ಗಳೇ. ಎರಡೂ ಸೇರಿದ್ರೆ ಫೈಬ್ರಿನ್ ಬಲೆ ಕಟ್ಟುತ್ತೆ. ಗಾಯ ಆದಾಗ ರಕ್ತ ಹೆಪ್ಪುಗಟ್ಟೋ ಕೊನೇ ಹಂತವೂ ಇದೇ. ಸುಮಾರು ಎರಡು ವಾರದಲ್ಲಿ ದೇಹ ಅದನ್ನ ಕರಗಿಸಿಕೊಳ್ಳುತ್ತೆ, ಅಷ್ಟರಲ್ಲಿ ಪದರ ಕಚ್ಚಿಕೊಂಡಿರುತ್ತೆ. ಆಪರೇಶನ್ನೂ ಬೇಗ ಮುಗಿಯುತ್ತೆ.

ಸರಿ, ಆ ಫೈಬ್ರಿನೋಜನ್ ಎಲ್ಲಿಂದ? ಮನುಷ್ಯರ ಪ್ಲಾಸ್ಮಾದಿಂದ, ಅಂದ್ರೆ ರಕ್ತದ ದ್ರವ ಭಾಗದಿಂದ, ಎಷ್ಟೋ ದಾನಿಗಳದ್ದನ್ನ ಒಟ್ಟು ಸೇರಿಸಿ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡೋ ಸಂಸ್ಥೆ ಎಫ್‌ಡಿಎ, ಹೆಪಟೈಟಿಸ್ (ವೈರಸ್‌ನಿಂದ ಬರೋ ಲಿವರ್ ಕಾಯಿಲೆ) ಹರಡೋ ಭಯಕ್ಕೆ, ಇಂಥ ಫೈಬ್ರಿನೋಜನ್‌ನ ಲೈಸೆನ್ಸನ್ನೇ ವಾಪಸ್ ತಗೊಂಡಿತ್ತು. ಫೈಬ್ರಿನ್ ಅಂಟಿಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಈಗ ದಾನಿಗಳನ್ನ ಪರೀಕ್ಷೆ ಮಾಡ್ತಾರೆ, ವೈರಸ್ ಸಾಯಿಸೋ ಹಂತಗಳಿವೆ. ಅಪಾಯ ತೀರಾ ಕಡಿಮೆ, ಆದರೆ ಸೊನ್ನೆ ಅಲ್ಲ.

ಇನ್ನೊಂದಿದೆ. ಅಂಟು ಬೇಗ ಕರಗದಿರಲಿ ಅಂತ ಸೇರಿಸೋ ಅಪ್ರೋಟಿನಿನ್, ಕೆಲವು ತಯಾರಿಕೆಗಳಲ್ಲಿ ದನದ ಶ್ವಾಸಕೋಶದ್ದು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಇದು ಸಣ್ಣ ಸಂಗತಿ ಅಲ್ಲ. ನಂಬಿಕೆ ಪಕ್ಕಕ್ಕಿಟ್ಟರೂ, ಎರಡನೇ ಸಲ ಹಾಕಿದಾಗ ಅಲರ್ಜಿ ಆಗೋ ಸಾಧ್ಯತೆ ಇದೆ. ಡಾಕ್ಟರೇ, ರೋಗಿಗೆ ಒಂದು ಬಾಟಲಿ ರಕ್ತ ಕೊಡೋಕೆ ಸಹಿ ಹಾಕಿಸಿಕೊಳ್ತೀರಿ, ಈ ಹನಿಗಳ ಬಗ್ಗೆ ಕನ್ನಡದಲ್ಲಿ ಎರಡು ವಾಕ್ಯ ಹೇಳೋಕೆ ಏನು ಕಷ್ಟ? ಓದೋಕೆ ಬಾರದ ಅಜ್ಜಿಯೂ "ಬೇರೆಯವರ ರಕ್ತದಿಂದ ಮಾಡಿದ್ದಮ್ಮ" ಅಂದ್ರೆ ಅರ್ಥ ಮಾಡ್ಕೋತಾರೆ.

ಇನ್ನೊಂದು ದಾರಿಯನ್ನೂ ಹೇಳಬೇಕು. ರೋಗಿಯ ಕಣ್ಣಲ್ಲೇ ಜಿನುಗೋ ರಕ್ತದ ಮೇಲೆ ಪದರ ಕೂರಿಸಿ ಕೆಲವು ನಿಮಿಷ ಕಾಯೋ ವಿಧಾನ. ಅಂಟಿನ ಖರ್ಚು ಉಳಿಯುತ್ತೆ, ಪರರ ಪ್ಲಾಸ್ಮಾ ಬೇಡ. ಆದರೆ ಪದರ ಜಾರೋ ಭಯ ಜಾಸ್ತಿ. ಎಲ್ಲಾ ಕೇಳಿದ ಮೇಲೂ ನನ್ನ ಕಣ್ಣಿಗಾದ್ರೆ ನಾನು ಗ್ಲೂನೇ ಹಾಕಿ ಅಂತೀನಿ. ಕೇಳಿ ಹಾಕಿ, ಅಷ್ಟೇ.