ಹಾಲಿನ ಲೆಕ್ಕ ಇದೆ, ಟೊಮೆಟೊ ಲೆಕ್ಕ ಎಲ್ಲಿ?

(ಕೋಲಾರ ಜಿಲ್ಲೆಯ ಟೊಮೆಟೊ ಬೆಳೆಗಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಮೊದಲು ಅಮ್ಮಂದಿರನ್ನು ಒಂದು ಮಾತು ಕೇಳುತ್ತೇನೆ. ನಿನ್ನೆ ಬೆಳಗ್ಗೆ ಡೇರಿಗೆ ಎಷ್ಟು ಲೀಟರ್ ಹಾಕಿದಿರಿ? ಫ್ಯಾಟ್ ಎಷ್ಟು ಬಂತು? ನೋಡಿ, ಕೇಳಿ ಮುಗಿಸುವ ಮೊದಲೇ ಉತ್ತರ ಬಂತು. ಬೂಸಾ ಮೂಟೆಗೆ ಎಷ್ಟಾಯಿತು, ಈ ಸಲದ ಬಟವಾಡೆಯಲ್ಲಿ ಎಷ್ಟು ಹಿಡಿದುಕೊಂಡರು, ಎಲ್ಲವೂ ನಾಲಿಗೆ ತುದಿಯಲ್ಲಿದೆ.

ಈಗ ಅಣ್ಣಂದಿರನ್ನು ಕೇಳುತ್ತೇನೆ. ಹೋದ ಬೆಳೆಯಲ್ಲಿ ಒಂದು ಬಾಕ್ಸ್ ಟೊಮೆಟೊ ಬೆಳೆಯಲು ನಿಮಗೆ ಎಷ್ಟು ಬಿತ್ತು? ಹದಿನೈದು ಕೆಜಿ ಬಾಕ್ಸ್. ಸದ್ದೇ ಇಲ್ಲ.

ಸಾವಿರ ರೂಪಾಯಿ ಹಾಲಿಗೆ ಪುಸ್ತಕ ಇದೆ, ಲಕ್ಷಗಟ್ಟಲೆ ಸುರಿಯುವ ಟೊಮೆಟೊಗೆ ಇಲ್ಲ. ಸರ್ಕಾರದ ಯೋಜನೆಗಳ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ, ಮಾತಾಡುತ್ತೇನೆ. ಆದರೆ ಪುಸ್ತಕ ಇಲ್ಲದವನಿಗೆ ಯೋಜನೆ ಸಿಕ್ಕರೆ ಅದು ಇನ್ನೊಂದು ಸಾಲವಾಗುತ್ತದೆ ಅಷ್ಟೆ. ಹಾಗಾಗಿ ಮೊದಲು ಲೆಕ್ಕ.

ಒಂದು ಎಕರೆ ಇಟ್ಟುಕೊಳ್ಳಿ. ನರ್ಸರಿ ಸಸಿ, ಮಲ್ಚಿಂಗ್ ಪೇಪರ್, ಡ್ರಿಪ್, ಕಡ್ಡಿ, ದಾರ, ಗೊಬ್ಬರ, ಔಷಧಿ, ಕೂಲಿ. ಇಷ್ಟನ್ನು ಎಲ್ಲರೂ ಹೇಳುತ್ತೀರಿ. ಬೋರ್‌ವೆಲ್ ಬರೆಯುವವರು ಕಡಿಮೆ. ನಮ್ಮ ಕಡೆ ಸಾವಿರ ಅಡಿ ದಾಟಿ ಕೊರೆಸುತ್ತೇವೆ. ಬೋರು, ಮೋಟರು, ಪೈಪು ಸೇರಿ ಐದು ಲಕ್ಷ ಆಯಿತು ಎನ್ನೋಣ. ಐದು ವರ್ಷ ನೀರು ಕೊಟ್ಟು, ವರ್ಷಕ್ಕೆ ಎರಡು ಬೆಳೆ ತೆಗೆದರೆ ಹತ್ತು ಬೆಳೆ. ಅಂದರೆ ಪ್ರತಿ ಬೆಳೆಯ ತಲೆ ಮೇಲೆ ಐವತ್ತು ಸಾವಿರ. ನೀರು ಬೀಳದೆ ಕೈಕೊಟ್ಟ ಬೋರಿನ ಖರ್ಚೂ ಇದರಲ್ಲೇ ಸೇರಬೇಕು. ಅದನ್ನು ಹಣೆಬರಹದ ಖಾತೆಗೆ ಬರೆಯಬೇಡಿ. ಮನೆಯವರ ದುಡಿಮೆಗೂ ಕೂಲಿ ಹಾಕಿ. ಹೀಗೆ ಎಲ್ಲ ಸೇರಿ ಮೊದಲ ಕೊಯ್ಲಿನ ಹೊತ್ತಿಗೆ ಮೂರು ಲಕ್ಷ, ಇಳುವರಿ 1,500 ಬಾಕ್ಸ್ ಅಂದುಕೊಳ್ಳೋಣ. ಗಿಡದಲ್ಲಿರುವಾಗಲೇ ಬಾಕ್ಸಿಗೆ 200 ರೂಪಾಯಿ ಬಿದ್ದಿದೆ. ಕೊಯ್ಯುವ ಕೂಲಿ, ಗಾಡಿ ಬಾಡಿಗೆ, ಹಣ್ಣು ಹರಾಜು ಹಾಕುವ ಮಂಡಿಯ ಖರ್ಚು ಸೇರಿ ಇನ್ನೊಂದು 50. ಈ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ನೀವು ಹಾಕಿಕೊಳ್ಳಿ.

ಈ ಎರಡು ಅಂಕಿಗಳನ್ನು ಬೇರೆಬೇರೆ ಇಡಬೇಕು. ನಾಟಿ ಮಾಡುವ ಮೊದಲು ನೋಡಬೇಕಾದದ್ದು ಎರಡೂ ಸೇರಿದ 250. ಕೊಯ್ಲಿನ ದಿನ ನೋಡಬೇಕಾದದ್ದು 50 ಮಾತ್ರ. ಹರಾಜಿನಲ್ಲಿ 120 ಬಂತು ಅನ್ನಿ. ನಷ್ಟವೇ, ಆದರೂ ಕೊಯ್ಯಬೇಕು, ಏಕೆಂದರೆ ಪ್ರತಿ ಬಾಕ್ಸಿಗೆ 70 ಕೈಗೆ ಬರುತ್ತದೆ. ಬೆಲೆ 40ಕ್ಕೆ ಇಳಿದರೆ? ಕೊಯ್ದ ಪ್ರತಿ ಬಾಕ್ಸಿಗೆ ಜೇಬಿನಿಂದ ಹತ್ತು ರೂಪಾಯಿ ಹೋಗುತ್ತದೆ. ಅಂದು ಹಣ್ಣು ಗಿಡದಲ್ಲೇ ಇರಲಿ. ರಸ್ತೆಗೆ ಸುರಿದರೆ ಟಿವಿಯವರು ಬರುತ್ತಾರೆ ನಿಜ, ಆದರೆ ಅಲ್ಲಿವರೆಗೆ ತಂದ ಗಾಡಿ ಬಾಡಿಗೆ ಕೊಡುವವರು ನೀವೇ.

2023ರ ಜುಲೈ ಯಾರೂ ಮರೆತಿಲ್ಲ. ಕೋಲಾರ ಎಪಿಎಂಸಿಯಲ್ಲಿ ಬಾಕ್ಸ್ ಎರಡು ಸಾವಿರ ದಾಟಿತು. ಅಂದು ಹಣ್ಣು ಇದ್ದವರು ಮನೆ ಕಟ್ಟಿದರು, ಕಾರು ತಂದರು, ಸಂತೋಷ. ಆ ಬೆಲೆ ನೋಡಿ ನಾಟಿಗೆ ಓಡಿದವರ ಹಣ್ಣು ಎಲ್ಲರದೂ ಒಂದೇ ಸಲ ಮಂಡಿಗೆ ಬಂತು. ಇವತ್ತಿನ ಬೆಲೆ ನೋಡಿ ನೆಟ್ಟ ಸಸಿ ಹಣ್ಣು ಕೊಡುವುದು ಎರಡು ಎರಡೂವರೆ ತಿಂಗಳ ಮೇಲೆ. ಎರಡು ಎಕರೆಯನ್ನು ಒಂದೇ ದಿನ ನಾಟಿ ಮಾಡುವ ಬದಲು ಇಪ್ಪತ್ತು ದಿನದ ಅಂತರದಲ್ಲಿ ಮಾಡಿದರೆ ಜಾಕ್‌ಪಾಟ್ ಪೂರ್ತಿ ಸಿಗದೆ ಹೋಗಬಹುದು, ಆದರೆ ಪೂರ್ತಿ ಮುಳುಗುವುದೂ ಇಲ್ಲ.

ಈಗ ಸಾಲ. ಕಿಸಾನ್ ಕ್ರೆಡಿಟ್ ಕಾರ್ಡ್ 1998ರಿಂದ ಇದೆ. ಮೂರು ಲಕ್ಷದವರೆಗಿನ ಬೆಳೆ ಸಾಲಕ್ಕೆ ಶೇ 7 ಬಡ್ಡಿ, ಗಡುವಿನೊಳಗೆ ಕಟ್ಟಿದರೆ ಶೇ 4ಕ್ಕೆ ಇಳಿಯುತ್ತದೆ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ ಮೂರರಿಂದ ಐದು ಲಕ್ಷಕ್ಕೆ ಏರಿಸಿದರು. ಗಡುವು ತಪ್ಪಿತೋ, ರಿಯಾಯಿತಿ ಹೋಯಿತು. ಆದ್ದರಿಂದ ಕ್ಯಾಲೆಂಡರಿನಲ್ಲಿ ಹಬ್ಬಗಳಿಗಿಂತ ದೊಡ್ಡ ಗುರುತು ಆ ತಾರೀಖಿಗೆ ಹಾಕಿ. ಸಾಲದ ಮಿತಿ ನಿಗದಿಯಾಗುವುದು ನಿಮ್ಮ ಖರ್ಚಿನ ಚೀಟಿ ನೋಡಿ ಅಲ್ಲ. ಬೆಳೆಗೆ ಎಕರೆಗೆ ಇಷ್ಟು ಎಂದು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ತೀರ್ಮಾನಿಸಿರುತ್ತದೆ. ಅದರ ಮೇಲೆ ಕೊಯ್ಲಿನ ನಂತರದ ಮತ್ತು ಮನೆ ಖರ್ಚಿಗೆ ಶೇ 10, ಜಮೀನು ಸಲಕರಣೆಗಳ ನಿರ್ವಹಣೆಗೆ ಶೇ 20 ಸೇರುತ್ತದೆ. ಇದನ್ನು ಬಾಯಿಬಿಟ್ಟು ಕೇಳಿ.

ಈ ಸಾಲ ಸಾಕಾಗದಿದ್ದರೆ ಉಳಿದದ್ದನ್ನು ಮಂಡಿಯಿಂದ ಮುಂಗಡ ತರುತ್ತೀರಿ. ಅದಕ್ಕೆ ಬಡ್ಡಿ ಇಲ್ಲ ಎನ್ನುತ್ತೀರಿ. ಇದೆ. ಒಂದು ಲಕ್ಷ ತಂದಿರಿ, ಹಣ್ಣು ಅಲ್ಲೇ ಹಾಕಬೇಕು. ಬೇರೆ ಕಡೆಗಿಂತ ಬಾಕ್ಸಿಗೆ ಹತ್ತೇ ರೂಪಾಯಿ ಕಡಿಮೆ ಸಿಕ್ಕಿತು ಅನ್ನಿ. 1,500 ಬಾಕ್ಸಿಗೆ ಹದಿನೈದು ಸಾವಿರ. ನಾಲ್ಕು ತಿಂಗಳಿಗೆ ಲಕ್ಷಕ್ಕೆ ಹದಿನೈದು ಸಾವಿರ ಎಂದರೆ ವರ್ಷಕ್ಕೆ ಶೇ 45! ಕಷ್ಟಕಾಲಕ್ಕೆ ಆ ಮಂಡಿಯವರೇ ಆಗುತ್ತಾರೆ, ಅದೂ ಸತ್ಯ. ನಾನು ಹೇಳುವುದು, ಎಷ್ಟು ಕೊಡುತ್ತಿದ್ದೇವೆ ಎಂದು ತಿಳಿದು ಕೊಡಿ.

ಇನ್ನು ರೈತರೇ ಷೇರು ಹಾಕಿ ಕಟ್ಟುವ ರೈತ ಉತ್ಪಾದಕ ಕಂಪನಿಗಳ, ಅಂದರೆ ಎಫ್‌ಪಿಒಗಳ ಬಗ್ಗೆ. ಹತ್ತು ಸಾವಿರ ಎಫ್‌ಪಿಒ ಕಟ್ಟುವ ಕೇಂದ್ರದ ಯೋಜನೆ 2020ರಲ್ಲಿ ಬಂತು. ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರು ಬೇಕು. ಮೂರು ವರ್ಷಕ್ಕೆ 18 ಲಕ್ಷದವರೆಗೆ ಆಡಳಿತ ವೆಚ್ಚ, ಸದಸ್ಯರು ಹಾಕಿದ ಷೇರು ಹಣಕ್ಕೆ ಸಮನಾಗಿ ತಲಾ 2,000ದವರೆಗೆ ಅನುದಾನ, ಒಟ್ಟು 15 ಲಕ್ಷ ಮೀರದಂತೆ. ನನ್ನ ಅಭಿಪ್ರಾಯ ಕೇಳಿದರೆ, ಬಹಳಷ್ಟು ಎಫ್‌ಪಿಒಗಳು ಗೊಬ್ಬರದ ಅಂಗಡಿಯಾಗಿ ನಿಂತುಬಿಟ್ಟಿವೆ. ಗೊಬ್ಬರ ಮಾರುವುದು ತಪ್ಪಲ್ಲ, ಆದರೆ ಮಾರಾಟದಲ್ಲಿ ಕೈಯಿಡದ ಕಂಪನಿಗೆ ನಾಲ್ಕನೇ ವರ್ಷ ಸಿಇಒ ಸಂಬಳ ಕೊಡಲು ಹಣವಿರುವುದಿಲ್ಲ. ಸೇರುವ ಮೊದಲು ಹೋದ ವರ್ಷದ ಆಡಿಟ್ ವರದಿ ಕೇಳಿ. ತೋರಿಸದಿದ್ದರೆ ಅದೇ ಉತ್ತರ.

ಕೆಚಪ್, ಪ್ಯೂರಿ ಘಟಕ ಹಾಕೋಣ ಎಂದು ಹುಡುಗರು ಬರುತ್ತಾರೆ. ಕಿರು ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೋಲಾರಕ್ಕೆ ಗೊತ್ತು ಮಾಡಿರುವ ಬೆಳೆ ಟೊಮೆಟೊನೇ. ಕೇಂದ್ರದ್ದು ಶೇ 35, ರಾಜ್ಯದ್ದು ಶೇ 15, ಒಟ್ಟು 15 ಲಕ್ಷದವರೆಗೆ ಸಹಾಯಧನ. ಚೆನ್ನಾಗಿದೆ. ಆದರೆ ಯೋಚಿಸಿ, ಬಾಕ್ಸ್ 600 ಇದ್ದಾಗ ನಿಮ್ಮ ತೋಟ ನಗುತ್ತದೆ, ಘಟಕ ಬಾಗಿಲು ಹಾಕುತ್ತದೆ. ಬೆಲೆ ಬಿದ್ದ ತಿಂಗಳುಗಳಲ್ಲಿ ಮಾತ್ರ ಟೊಮೆಟೊ ಅರೆದು, ಉಳಿದ ದಿನ ಮಾವು, ಹುಣಸೆಗೆ ಅದೇ ಯಂತ್ರ ಓಡುವ ಹಾಗಿದ್ದರೆ ಕೈ ಹಾಕಿ. ಸಬ್ಸಿಡಿ ಅರ್ಧ ಬರುತ್ತದೆ ಎಂದು ಬೇಡದ ಯಂತ್ರ ತಂದರೆ ಉಳಿದರ್ಧ ನಿಮ್ಮದೇ ನಷ್ಟ.

ವಿಮೆಯ ಬಗ್ಗೆ ಒಂದೇ ಮಾತು: ಫಸಲ್ ಬಿಮಾ ನೋಡುವುದು ಇಳುವರಿಯನ್ನು, ಹವಾಮಾನ ಆಧಾರಿತ ವಿಮೆ ನೋಡುವುದು ಮಳೆ ಬಿಸಿಲನ್ನು. ಬೆಲೆ ಬಿದ್ದದ್ದಕ್ಕೆ ಎರಡೂ ಕೊಡುವುದಿಲ್ಲ.

ಬೆಲೆ ಬಿದ್ದಾಗ ಸರ್ಕಾರ ಕೈಹಿಡಿಯುವುದೇ ಇಲ್ಲವೇ? ಅಪರೂಪಕ್ಕೆ ನೆರವಾಗುತ್ತದೆ. 2025ರಲ್ಲಿ ತೋತಾಪುರಿ ಮಾವಿನ ಬೆಲೆ ಕುಸಿದಾಗ ನಮ್ಮ ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದದ್ದು ಗೊತ್ತಲ್ಲ. ಕ್ವಿಂಟಲಿಗೆ 1,616 ರೂಪಾಯಿ ದರ ನಿಗದಿ ಮಾಡಿ, ಎರಡೂವರೆ ಲಕ್ಷ ಟನ್‌ವರೆಗೆ ವ್ಯತ್ಯಾಸದ ಹಣ ಕೊಡಲು ಕೇಂದ್ರ ಒಪ್ಪಿತು, ಕೇಂದ್ರ ರಾಜ್ಯ ಅರ್ಧರ್ಧ. ಇಂಥ ಹಣ ಬರುವುದು ದಾಖಲೆಯ ದಾರಿಯಲ್ಲೇ. ರೈತರ ನೋಂದಣಿಗೆಂದು ರಾಜ್ಯ ಸರ್ಕಾರ ಮಾಡಿರುವ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಇರಬೇಕು, ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಸೇರಿರಬೇಕು. ಬೆಳೆ ಸಮೀಕ್ಷೆಯಲ್ಲಿ ಟೊಮೆಟೊ ಇದ್ದ ಕಡೆ ರಾಗಿ ಎಂದು ಬಿದ್ದಿದ್ದರೆ ಬೆಳೆ ದರ್ಶಕ ಆ್ಯಪಿನಲ್ಲಿ ನೋಡಿ ಆಗಲೇ ಆಕ್ಷೇಪಣೆ ಹಾಕಿ. ಗುತ್ತಿಗೆಗೆ ಮಾಡುವವರ ಪಾಡು ಇದರಲ್ಲಿ ಕಷ್ಟ, ಪಹಣಿ ಇನ್ನೊಬ್ಬರ ಹೆಸರಲ್ಲಿರುತ್ತದೆ. ಅದಕ್ಕೆ ಸುಲಭದ ಪರಿಹಾರ ನನ್ನ ಹತ್ತಿರ ಇಲ್ಲ.

ಊಟ ಆದ ಮೇಲೆ ನಾನು ಈ ಮೇಜಿನ ಹತ್ತಿರವೇ ಕೂತಿರುತ್ತೇನೆ. ಹೋದ ಬೆಳೆಯ ಮಂಡಿ ಬಿಲ್ಲು, ಔಷಧಿ ಅಂಗಡಿ ಚೀಟಿ ಏನಿದೆಯೋ ತನ್ನಿ, ಚೀಲದಲ್ಲಿ ಮುದ್ದೆಯಾಗಿದ್ದರೂ ಪರವಾಗಿಲ್ಲ. ಕೂತು ಬಾಕ್ಸಿನ ಲೆಕ್ಕ ಹಾಕೋಣ. ಬರುವಾಗ ಮನೆಯಲ್ಲಿ ಡೇರಿ ಪುಸ್ತಕ ನೋಡಿಕೊಳ್ಳುವವರನ್ನೂ ಕರೆತನ್ನಿ, ಪೆನ್ನು ಅವರ ಕೈಯಲ್ಲೇ ಕೊಡೋಣ.