ಮೊದಲು ಕೂತು ಮಾತಾಡೋಣ, ಪ್ರಾಜೆಕ್ಟ್ ಆಮೇಲೆ

ಎಲ್ಲರಿಗೂ ನಮಸ್ಕಾರ. ಸೆನೆಗಲ್‌ನ ಥಿಯೆಸ್‌ನಿಂದ ಮಾತಾಡುತ್ತಿದ್ದೇನೆ, ರಾಜಧಾನಿ ಡಾಕಾರ್‌ನಿಂದ ಸುಮಾರು 70 ಕಿಲೋಮೀಟರ್. ಸ್ವಯಂಸೇವಕರನ್ನು ಬೇರೆ ದೇಶಗಳಿಗೆ ಕಳಿಸುವ ಅಮೆರಿಕ ಸರ್ಕಾರದ ಸಂಸ್ಥೆ ಪೀಸ್ ಕೋರ್‌ನ ತರಬೇತಿ ಮುಗಿಯಿತು, ಪ್ರಮಾಣವಚನವೂ ಆಯಿತು. ಇನ್ನು ಎರಡು ವರ್ಷ ಹಳ್ಳಿಯಲ್ಲಿ. ಅಮೆರಿಕದಿಂದ ಫೋನ್ ಮಾಡುವ ನೆಂಟರೆಲ್ಲ ಒಂದೇ ಮಾತು ಕೇಳುತ್ತಾರೆ, "ಅಲ್ಲಿ ಹೋಗಿ ಏನು ಮಾಡ್ತೀಯಮ್ಮಾ?"

ಮೊದಲ ಕೆಲವು ತಿಂಗಳು ಯಾವ ಪ್ರಾಜೆಕ್ಟನ್ನೂ ಶುರು ಮಾಡಲ್ಲ. ಇದು ಸೋಮಾರಿತನ ಅಲ್ಲ, ಇದೇ ಸರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಯಾಕೆ ಅಂತ ಹೇಳ್ತೀನಿ. ನಾನು ಕನ್ನಡದ ಮನೆಯಲ್ಲಿ ಬೆಳೆದವಳು, ಎಂಜಲು ಮಾಡಬೇಡ ಅಂತ ಅಮ್ಮ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಇಲ್ಲಿ ನನ್ನನ್ನು ಇರಿಸಿದ ಮನೆಯಲ್ಲಿ ಮೊದಲ ದಿನವೇ ಒಂದು ದೊಡ್ಡ ಬೋಗುಣಿ ತುಂಬ ಮೀನು-ಅನ್ನ ತಂದು ಚಾಪೆ ಮೇಲೆ ಇಟ್ಟರು, ಚೆಬುಜೆನ್ ಅಂತಾರೆ ಅದಕ್ಕೆ. ಸುತ್ತ ಏಳು ಜನ. ನನ್ನ ಕೈ ಮುಂದೆ ಹೋಗಲಿಲ್ಲ. ಸ್ವಲ್ಪ ಹೊತ್ತು ನೋಡಿದ ಮೇಲೆ ಗೊತ್ತಾಯಿತು, ಯಾರೂ ಇನ್ನೊಬ್ಬರ ಕಡೆ ಕೈ ಹಾಕುವುದಿಲ್ಲ, ಬಲಗೈ, ತಮ್ಮ ಮುಂದಿನ ಅನ್ನ, ಅಷ್ಟೇ. ನಡುವೆ ಇರುವ ಮೀನು, ಕ್ಯಾರೆಟ್, ಎಲೆಕೋಸು ಮುರಿದು ಎಲ್ಲರ ಮುಂದೆ ಹಾಕುವುದು ಯಾಯ್, ಅಂದರೆ ಮನೆಯ ಅಮ್ಮ. ನನ್ನ ಮುಂದೆ ಯಾವಾಗಲೂ ಜಾಸ್ತಿ ಬೀಳುತ್ತಿತ್ತು.

ಕ್ಲಾಸಿನಲ್ಲಿ ಗೊಬ್ಬರದ ಗುಂಡಿ, ಸಸಿ ಮಡಿ, ಪೋಷಕಾಂಶ ಎಲ್ಲ ಕಲಿಸಿದರು. ಒಳ್ಳೆಯದೇ. ನುಗ್ಗೆ ಸೊಪ್ಪು ತಿನ್ನಿ ಅಂತ ಜನರಿಗೆ ಹೇಳಿ ಅಂದರು. ಮನೆಗೆ ಬಂದರೆ ಯಾಯ್ ಅದೇ ನುಗ್ಗೆ ಸೊಪ್ಪನ್ನು ಕಡಲೆಕಾಯಿ ಹಾಕಿ ಬೇಯಿಸಿ ಸಜ್ಜೆ ಕೂಸ್‌ಕೂಸ್ ಮೇಲೆ, ಅಂದರೆ ಹಬೆಯಲ್ಲಿ ಬೇಯಿಸಿದ ಸಜ್ಜೆ ಹಿಟ್ಟಿನ ಸಣ್ಣ ಕಾಳಿನ ಮೇಲೆ, ಸುರಿಯುತ್ತಿದ್ದಾರೆ! ಆ ಗಿಡಕ್ಕೆ ಇಲ್ಲಿ ನೆಬೆಡಾಯ್ ಅಂತಾರೆ. ಈಗ ನೀವೇ ಹೇಳಿ, ನಾನು ಅವರಿಗೆ ಪಾಠ ಹೇಳಬೇಕಾ, ಅವರ ಹತ್ತಿರ ಕಲಿಯಬೇಕಾ? ಅವರಿಗೆ ಏನು ಗೊತ್ತು, ಎಲ್ಲಿ ಕಷ್ಟ ಆಗುತ್ತಿದೆ, ಬೇಸಿಗೆಯಲ್ಲಿ ಸೊಪ್ಪು ಎಲ್ಲಿಂದ ತರುತ್ತಾರೆ, ಇದೆಲ್ಲ ಕೇಳದೆ ಪೋಸ್ಟರ್ ಅಂಟಿಸಿದರೆ ಅದು ಅವಮಾನ ಅಲ್ವಾ?

ಕೇಳಬೇಕು ಅಂದರೆ ಭಾಷೆ ಬೇಕು. ಆಫೀಸಿನ ಭಾಷೆ ಫ್ರೆಂಚ್, ಆದರೆ ಬಾವಿ ಹತ್ತಿರ ಹೆಂಗಸರು ಮಾತಾಡುವುದು ಊರನ್ನು ನೋಡಿಕೊಂಡು ವೊಲೊಫ್, ಪುಲಾರ್, ಸೆರೆರ್ ಅಥವಾ ಮಂಡಿಂಕಾ. 1961ರ ಆಗಸ್ಟ್‌ನಲ್ಲಿ ಪೀಸ್ ಕೋರ್‌ನ ಮೊದಲ ತಂಡದವರು ಘಾನಾದ ಅಕ್ರಾದಲ್ಲಿ ವಿಮಾನ ಇಳಿದ ತಕ್ಷಣ ಟ್ವಿ ಭಾಷೆಯಲ್ಲಿ ಹಾಡಿದರಂತೆ. ಅವರು ಸರಿಯಾದ ಕಡೆಯಿಂದ ಶುರು ಮಾಡಿದರು. ನನ್ನ ವೊಲೊಫ್ ತಿದ್ದಿದ್ದು ಜಾಸ್ತಿ ಆ ಮನೆಯ ಮಕ್ಕಳು. "ನಂಗಾ ದೆಫ್?" ಹೇಗಿದ್ದೀಯಾ ಅಂದರೆ "ಮಾಂಗಿ ಫಿ ರೆಕ್" ಅನ್ನಬೇಕು, ಇಲ್ಲೇ ಇದ್ದೀನಿ ಅಷ್ಟೇ ಅಂತ. ಆಮೇಲೆ ಮನೆಯವರು ಹೇಗಿದ್ದಾರೆ, ಕೆಲಸ ಹೇಗಿದೆ, ಎಲ್ಲ ಕೇಳಬೇಕು. ಬಿಟ್ಟು ಸೀದಾ ವಿಷಯಕ್ಕೆ ಬಂದರೆ ಮರ್ಯಾದೆ ಇಲ್ಲದವಳು ಅಂತಲೇ ಲೆಕ್ಕ.

ನಾಡಿದ್ದು ಹಳ್ಳಿಗೆ ಹೊರಡುತ್ತೇನೆ. ಮೊದಲ ವಾರಕ್ಕೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರುವುದು ಇಷ್ಟೇ: ದಿನಕ್ಕೆ ಐದು ಮನೆ, ಎಲ್ಲರ ಹೆಸರು ಕೇಳಬೇಕು, ಅತಾಯಾ, ಅಂದರೆ ಇಲ್ಲಿ ಮೂರು ಸುತ್ತು ಕೊಡುವ ಚಹಾ, ಕೊಟ್ಟರೆ ಮೂರನೇ ಲೋಟ ಆಗುವವರೆಗೂ ಏಳಬಾರದು.